ಒಂಟಿ ಕದ

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಬೀಗ ರಿಪೇರಿಯವನ ಗೂಡಿಗೂ ದರ್ಜಿಯ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಕೋಣೆಯಿದೆ. ಅದು ಎಷ್ಟು ಇಕ್ಕಟ್ಟು ಎಂದರೆ, ಒಳಗೆ ಹೋದ ಗಿರಾಕಿ ಮಗ್ಗಲು ತಿರುಗಬೇಕಾದರೆ ಮೊದಲು ಹೊರಗೆ ಬಂದು, ರಸ್ತೆಯಲ್ಲಿ ತಿರುಗಿಕೊಂಡು, ಮತ್ತೆ ಒಳಗೆ ಹೋಗಬೇಕು. ಅಲ್ಲಿ ತಯಾರಾಗುವುದು ಕಾಡಿಗೆ ಹೋಗುವವರ ಸಾಮಾನು. ಚಾಕು, ಕೈಗೊಡಲಿ, ಅವಕ್ಕೆ ಚರ್ಮದ ಒರೆ, ಕಿಡಿ ಹಾರಿಸುವ ಚಕಮಕಿ, ಹಗ್ಗ, ಮೇಣ ತಿಕ್ಕಿದ ಕ್ಯಾನ್ವಾಸಿನ ಹೊದಿಕೆ. ಮಾಡುವವನು ಅರವತ್ತು ದಾಟಿದ, ಬೋಳುತಲೆಯ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ ಮನುಷ್ಯ. ಊರಿಗೆಲ್ಲ ಅವನು ಗಂಟುಮೂಟೆ ಮಾವ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಾಡಿಗೆ ಹೊರಟವರು ಯಾರೇ ಬರಲಿ, ಮಾವ ಮೊದಲು ಅಂಗಡಿಯ ಮುಂದೆ ಚಾಪೆ ಹಾಸಿ, ಬೆನ್ನಿನ ಚೀಲದಲ್ಲಿರುವುದನ್ನೆಲ್ಲ ಅದರ ಮೇಲೆ ಸುರಿಯಿರಿ ಅನ್ನುತ್ತಾನೆ. ಆಮೇಲೆ ಒಂದೊಂದನ್ನೇ ಎತ್ತಿ, ಇದರಿಂದ ಎಷ್ಟು ಕೆಲಸ ಆಗುತ್ತದೆ ಎಂದು ಕೇಳುತ್ತಾನೆ. ಒಂದೇ ಕೆಲಸ ಎಂದರೆ ಅದು ಚಾಪೆಯಿಂದ ಕೆಳಗೆ. ತಗಡಿನ ಮಗ್ಗು ಉಳಿಯುತ್ತದೆ. ಅದರಲ್ಲಿ ಕುಡಿಯಬಹುದು, ಕಾಯಿಸಬಹುದು, ನೀರು ತೋಡಬಹುದು, ಬಡಿದು ಸದ್ದು ಮಾಡಬಹುದು. ಮಡಿಸುವ ಕುರ್ಚಿ ಉಳಿಯುವುದಿಲ್ಲ. ಒಮ್ಮೆ ಒಬ್ಬ ಗೃಹಸ್ಥ ಎರಡು ದಿನದ ತಿರುಗಾಟಕ್ಕೆ ಎಷ್ಟು ಸಾಮಾನು ತಂದಿದ್ದನೆಂದರೆ ಚಾಪೆ ಸಾಲದೆ ದರ್ಜಿಯ ಅಂಗಡಿಯ ಮುಂದಿನ ಜಾಗ, ಅದೂ ಸಾಲದೆ ಬಸ್ಸು ನಿಲ್ಲುವ ಜಾಗ ತುಂಬಿ, ಬಸ್ಸು ಮುಂದಿನ ಊರಿಗೇ ಹೋಗಿ ನಿಲ್ಲಬೇಕಾಯಿತಂತೆ. ಮಾವ ಅವನಿಗೆ, "ಇಷ್ಟೂ ಒಳಗೆ ಹೋದ್ರೆ ಕಾಡು ಎಲ್ಲಿ ನಿಂತ್ಕೋಬೇಕು?" ಎಂದು ಕೇಳಿದ್ದನ್ನು ಊರು ಇನ್ನೂ ಮರೆತಿಲ್ಲ.

ಚಾಕುವಿನ ವಿಷಯದಲ್ಲಿ ಮಾತ್ರ ಅವನಿಗೆ ತಮಾಷೆಯಿಲ್ಲ. ಅಲಗು ಇಟ್ಟುಕೊಳ್ಳುವವನ ಅಂಗೈ ಅಗಲಕ್ಕಿಂತ ಹೆಚ್ಚು ಉದ್ದವಿರಬಾರದು. ಕಬ್ಬಿಣ ಹಿಡಿಯ ಒಳಗೆ ಅರ್ಧಕ್ಕೆ ನಿಲ್ಲದೆ ಕೊನೆಯವರೆಗೂ ಹೋಗಿರಬೇಕು. ಹಿಡಿಯನ್ನು ಪೂರ್ತಿ ನುಣುಪು ಮಾಡಿ ಕೊಡಬಾರದು. ಉಳಿದದ್ದನ್ನು ಕೈಯೇ ತಿಕ್ಕಿಕೊಳ್ಳುತ್ತದೆ. ಗಿರಾಕಿಯ ಕೈಯನ್ನು ಕಣ್ಣು ಮುಚ್ಚಿ ಹಿಡಿದುಕೊಂಡು, ಯಾವ ಬೆರಳು ದುಡಿಯುತ್ತದೆ, ಯಾವುದು ಸೋಮಾರಿ ಎಂದು ಹೇಳುತ್ತಾನೆ. ಆ ಸೋಮಾರಿ ಬೆರಳಿಗೆ ಸರಿಯಾಗಿ ಹಿಡಿಯಲ್ಲಿ ಸ್ವಲ್ಪ ಉಬ್ಬು ಬಿಡುತ್ತಾನೆ. ಕೊನೆಗೆ ಚಾಕುವಿನ ನಡುವಿಗೆ ದಾರ ಕಟ್ಟಿ ತೊಲೆಯಿಂದ ತೂಗುಹಾಕುತ್ತಾನೆ. ತಕ್ಕಡಿಯ ಹಾಗೆ ಅಡ್ಡಕ್ಕೆ ಸಮನಾಗಿ ನಿಂತರೆ ಮಾತ್ರ ಅದು ಅಂಗಡಿ ಬಿಟ್ಟು ಹೋಗಬಹುದು.

ಇಷ್ಟೆಲ್ಲ ತಿಳಿದವನು ಕಾಡಿಗೆ ಹೋದವನಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆ, ಕಾಡಿನ ಗೇಟಿನಿಂದ ನೂರು ಹೆಜ್ಜೆ ಒಳಗೆ ಹೋಗಿ, ಚಪ್ಪಲಿಯೊಳಗೆ ಇರುವೆ ಸೇರಿತೆಂದು ವಾಪಸು ಬಂದಿದ್ದ. ಯಾರಾದರೂ ಕೆಣಕಿದರೆ, ಶವಪೆಟ್ಟಿಗೆ ಮಾಡುವವನು ಮೊದಲು ತಾನೇ ಒಳಗೆ ಮಲಗಿ ನೋಡುತ್ತಾನೇನು ಎಂದು ಬಾಯಿ ಮುಚ್ಚಿಸುತ್ತಿದ್ದ. ಕ್ಯಾನ್ವಾಸು ಹೊಲಿಯುವ ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ, "ಮಲಗಿದ್ರೆ ಎಬ್ಬಿಸೋದೇ ಕಷ್ಟ" ಅನ್ನುತ್ತಿದ್ದಳು.

ಮನೆಯಲ್ಲಿ ಕಾಡು ತಿಳಿದವಳು ಮಗಳು. ಅವಳದು ಮರ ಎಣಿಸುವ ಕೆಲಸ. ಒಂದು ಕಚೇರಿಯವರು ಕಾಡಿನಲ್ಲಿ ಗೆರೆ ಹಾಕಿ ಕೊಡುತ್ತಾರೆ. ಅವಳು ಆ ಗೆರೆಯ ಮೇಲೆ ನಡೆಯುತ್ತ, ಅಳತೆಗೆ ಬಂದ ಮರಕ್ಕೆಲ್ಲ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತ ಹೋಗಬೇಕು. ತಿಂಗಳಲ್ಲಿ ಹತ್ತು ದಿನ ಒಬ್ಬಳೇ. ಅವಳು ಹೊರಡುವ ದಿನ ಚಾಪೆ ಎರಡು ಸಲ ಹಾಸಲ್ಪಡುತ್ತಿತ್ತು.

ಆ ವರ್ಷ ಮಾವನಿಗೆ ಒಂದು ಜಾಣತನ ಹೊಳೆಯಿತು. ಗಿರಾಕಿಯೊಬ್ಬ ಹಳ್ಳ ದಾಟುವಾಗ ಬಗ್ಗಿದ್ದಕ್ಕೆ ಚಾಕು ಒರೆಯಿಂದ ಜಾರಿ ನೀರು ಸೇರಿತ್ತು. ಮಾವ ಮೂರು ದಿನ ತಲೆ ಕೆರೆದುಕೊಂಡು, ರೇಡಿಯೋ ರಿಪೇರಿಯವನ ಹತ್ತಿರ ಬಿದ್ದಿದ್ದ ಹಳೇ ಸ್ಪೀಕರುಗಳ ಅಯಸ್ಕಾಂತ ತಂದು, ಒಡೆದು ಚೂರು ಮಾಡಿ, ಒರೆಯ ಎರಡು ಪದರ ಚರ್ಮದ ನಡುವೆ ಒಂದೊಂದು ಚೂರು ಇಟ್ಟು ಹೊಲಿದುಬಿಟ್ಟ. ಚಾಕು ಒರೆಯ ಬಾಯಿಗೆ ಬಂದರೆ ಸಾಕು, ಟಕ್ ಎಂದು ಒಳಗೆ ಕೂರುತ್ತಿತ್ತು. ತಲೆಕೆಳಗು ಮಾಡಿ ಕುಣಿದರೂ ಬೀಳದು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಗಿರಾಕಿಗಳು ಕೇಳಿದರೆ, ಹೊಲಿಗೆಯಲ್ಲಿದೆ ಕೈಚಳಕ ಎಂದು ಮೀಸೆ ತಿರುವುತ್ತಿದ್ದ. ಎರಡೇ ತಿಂಗಳಲ್ಲಿ ಅಂಥ ನಲವತ್ತು ಒರೆ ಹೋದವು. ನಲವತ್ತೊಂದನೆಯದನ್ನು ಮಗಳಿಗೆಂದು ವಿಶೇಷವಾಗಿ, ಚೂರು ಸ್ವಲ್ಪ ದೊಡ್ಡದೇ ಇಟ್ಟು ಮಾಡಿದ.

ಮೊದಲು ಬಂದವನು ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಕಾಡಿನೊಳಗಿನ ಕಾವಲುಗೋಪುರಕ್ಕೆ ಹೊರಟಿದ್ದ. ಗೇಟಿನಿಂದ ನೇರ ಉತ್ತರಕ್ಕೆ ಎರಡು ಗಂಟೆಯ ದಾರಿ. ದಿಕ್ಸೂಚಿ ಹಿಡಿದು ನಡೆದರೆ ಕುರುಡನೂ ತಲುಪಬಹುದು ಎಂದು ಹೆಸರಾದದ್ದು. ಅವನು ತಲುಪಲಿಲ್ಲ. ಸೋಮವಾರ ಅಂಗಡಿಯ ಮುಂದೆ ನಿಂತು, ಪಾಠ ಒಪ್ಪಿಸುವವನ ಹಾಗೆ ಹೇಳಿದ.

"ನಾನು ಒಂದು ಹೆಜ್ಜೆನೂ ಅಡ್ಡ ಇಟ್ಟಿಲ್ಲ ಮಾವ. ಸೂಜಿ ಹೇಳಿದ ಕಡೆಗೇ ನಡೆದೆ. ಎದುರಿಗೆ ಒಂದು ಬಾಗಿಲು ನಿಂತಿತ್ತು."

ಬರೀ ಬಾಗಿಲು. ಗೋಡೆಯಿಲ್ಲ, ಸೂರಿಲ್ಲ. ಯಾವ ಕಾಲದಲ್ಲೋ ಯಾರದೋ ಮನೆಯಿದ್ದ ಬಯಲಿನಲ್ಲಿ ಚೌಕಟ್ಟು ಮಾತ್ರ ನೆಟ್ಟಗೆ ನಿಂತಿದೆ. ಅದಕ್ಕೆ ನೀಲಿ ಬಣ್ಣದ ಒಂದೇ ಕದ. ಸುತ್ತ ಮೊಣಕಾಲು ಮಟ್ಟ ತರಗೆಲೆ, ಹೊಸ್ತಿಲ ಮೇಲೆ ಮಾತ್ರ ಒಂದು ಎಲೆಯಿಲ್ಲ. ಈಗಷ್ಟೇ ಯಾರೋ ಗುಡಿಸಿ ಒಳಗೆ ಹೋದ ಹಾಗೆ. ಒಳಗೆ ಅಂದರೂ ಕಾಡೇ, ಹೊರಗೆ ಅಂದರೂ ಕಾಡೇ. ಮೇಷ್ಟ್ರು ಚಿತ್ರ ಬರೆಯುವವನಾದರೂ ಪುಸ್ತಕ ತೆಗೆಯಲು ಧೈರ್ಯವಾಗದೆ ಓಡಿಬಂದಿದ್ದ.

ಮಾವ ನಕ್ಕ. ಮೇಷ್ಟ್ರಿಗೆ ತರಗತಿಯಲ್ಲೇ ಬಾಗಿಲು ಹುಡುಕಿಕೊಂಡು ಅಭ್ಯಾಸ ಎಂದ. ಮುಂದಿನ ವಾರ ಅಂಚೆ ಕಚೇರಿಯ ಗಂಡ ಹೆಂಡತಿ ಗೋಪುರಕ್ಕೆಂದು ಹೋಗಿ ಅದೇ ಬಾಗಿಲಿಗೆ ಹೋಗಿ ನಿಂತರು. ದಾರಿಯುದ್ದಕ್ಕೂ ಒಂದೇ ಮಾತಿಗೆ ಜಗಳವಾಡುತ್ತಿದ್ದ ಅವರು ವಾಪಸು ಬರುವಾಗ ತುಟಿ ಬಿಚ್ಚಿರಲಿಲ್ಲವಂತೆ. ಆಮೇಲೂ ಜಗಳವಾಡಿದ್ದನ್ನು ಯಾರೂ ಕಂಡಿಲ್ಲ. ಅದಾದ ಮೇಲೆ ಔಷಧಿ ಅಂಗಡಿಯವ. ಅದಾದ ಮೇಲೆ ಬೇರೆ ಬೇರೆ ದಿನ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ನಾಲ್ವರು. ಎಲ್ಲರೂ ಹೇಳಿದ್ದು ಒಂದೇ: ನೇರ ನಡೆದೆವು, ಎದುರಿಗೆ ಅದು ನಿಂತಿತ್ತು, ನಮಗಾಗಿ ಕಾದಂತೆ.

ಕಾಡಿನ ವಾಚರ್ ಪ್ರತಿದಿನ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯಲು ಬರುತ್ತಿದ್ದ. ಒಂದು ದಿನ ಲೋಟ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತ.

"ಮಾವ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಅಲ್ಲಿಗೆ ಬಂದವರ ಸೊಂಟದಲ್ಲೆಲ್ಲ ನಿಮ್ಮ ಚಾಕು."

"ಊರವರ ಸೊಂಟದಲ್ಲೆಲ್ಲ ನನ್ನ ಚಾಕೇ ಇರೋದು," ಎಂದ ಮಾವ.

"ಅಲ್ಲ. ನಿಮ್ಮ ಹಳೇ ಚಾಕು ಇದ್ದವರು ಗೋಪುರಕ್ಕೆ ಹೋಗ್ತಾರೆ. ಈ ವರ್ಷದ್ದು ಇದ್ದವರು ಬಾಗಿಲಿಗೆ ಬರ್ತಾರೆ."

ಆಮೇಲೆ ಅವನು ಹೇಳಿದ್ದು ಬಾಗಿಲಿನ ಕತೆ. ಅದಕ್ಕೆ ಮೊದಲು ಎರಡು ಕದ ಇದ್ದವು. ಹನ್ನೆರಡು ವರ್ಷದ ಹಿಂದೆ ಒಂದನ್ನು ಯಾರೋ ಕಳಚಿಕೊಂಡು ಹೋದರು. ಅವತ್ತಿನಿಂದ ಉಳಿದ ಕದ ಗಾಳಿಯಿಲ್ಲದಾಗಲೂ ಸುಮ್ಮನಿರುವುದಿಲ್ಲ. ವಾಚರ್ ಆ ಕಡೆ ಹೋದರೆ ಕೆಮ್ಮುತ್ತ ಹೋಗುತ್ತಾನೆ, ತಾನು ಬರುತ್ತಿದ್ದೇನೆಂದು ತಿಳಿಯಲಿ ಎಂದು. ಯಾರಿಗೆ ತಿಳಿಯಲಿ ಎಂದು ಮಾವ ಕೇಳಲಿಲ್ಲ.

ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಗುಜರಿಯವನು ಕೈಗಾಡಿಯಲ್ಲಿ ಒಂದು ದಪ್ಪ ಹಲಗೆ ತಂದಿದ್ದ. ಅಂಚಿನಲ್ಲಿ ತಿರುಗಣಿಯ ಮೂರು ಗುರುತು, ಸಂದಿಯಲ್ಲಿ ನೀಲಿ ಬಣ್ಣ. ಅಂಥ ಒಣಗಿದ, ಗಂಟಿಲ್ಲದ, ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುವ ಮರ ಜೀವಮಾನದಲ್ಲಿ ಒಮ್ಮೆ ಸಿಕ್ಕುವುದು. ಮಾವ ಅದನ್ನು ಮಂಚದ ಕೆಳಗಿಟ್ಟು, ಒಳ್ಳೆಯ ಕಾಲಕ್ಕೆಂದು ಕಾಯ್ದಿದ್ದ. ಹೊಸ ಒರೆ ಹೊಳೆದ ಸಂತೋಷಕ್ಕೆ ಈ ವರ್ಷವೇ ಅದನ್ನು ಕೊಯ್ದು ಹಿಡಿ ಮಾಡಲು ಶುರು ಮಾಡಿದ್ದ. ಮಗಳ ಚಾಕುವಿಗೂ ಅದರದೇ ಹಿಡಿ.

ಅವತ್ತಿನಿಂದ ಮಾವನ ಬಾಯಿಂದ ಜೋಕು ಹೋಯಿತು. ಊರಿಗೆ ಹಲಗೆಯ ವಿಷಯ ಗೊತ್ತಿಲ್ಲದಿದ್ದರೂ ವಾಚರ್ ಲೆಕ್ಕ ಹಾಕಿದ್ದನ್ನು ಬೇರೆಯವರೂ ಹಾಕಿದ್ದರು. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಚಾಕು, ಒರೆಯ ಸಮೇತ. ಯಾರು ಇಟ್ಟದ್ದೋ ತಿಳಿಯದು. ಬೈಗುಳವಿಲ್ಲ, ಚೀಟಿಯಿಲ್ಲ. ಒಂದು ದಿನ ಒಂದು, ಇನ್ನೊಂದು ದಿನ ಮೂರು. ಮೇಷ್ಟ್ರು ತನ್ನ ದಿಕ್ಸೂಚಿಯನ್ನೂ ಚಾಕುವಿನ ಜೊತೆಗೇ ಬಿಟ್ಟು ಹೋದ. ರಸ್ತೆಯ ಆಚೆ ಬದಿಯಲ್ಲಿ ನಡೆಯುವವರು ಹೆಚ್ಚಾದರು.

ಏಳು ಚಾಕು ಸೇರಿದ ದಿನ ಮಾವ ಅವನ್ನು ಒರೆಯಿಂದ ತೆಗೆದು, ತಪ್ಪು ತೂಕದಲ್ಲಿದೆಯೇನೋ ಎಂಬ ಆಸೆಯಿಂದ, ನಡುವಿಗೆ ದಾರ ಕಟ್ಟಿ ತೊಲೆಗೆ ಸಾಲಾಗಿ ತೂಗುಹಾಕಿದ. ಏಳೂ ಅಡ್ಡಕ್ಕೆ ಸಮನಾಗಿ ನಿಂತವು. ತೂಕದಲ್ಲಿ ಗುಲಗಂಜಿಯಷ್ಟು ಏರುಪೇರಿಲ್ಲ. ಆಮೇಲೆ ಒಂದೊಂದೇ ತಿರುಗತೊಡಗಿದವು. ಗಾಳಿಯಿರಲಿಲ್ಲ. ನಿಧಾನ, ಮಲಗಿದವರು ಮಗ್ಗಲಾಗುವ ಹಾಗೆ ತಿರುಗಿ, ಅತ್ತಿತ್ತ ತೂಗಿ, ನಿಂತವು. ಏಳು ಹಿಡಿಯೂ ಉತ್ತರಕ್ಕೆ, ಕಾಡಿನ ಕಡೆಗೆ. ಮಾವ ಬೆರಳಿನಿಂದ ಒಂದನ್ನು ಈಚೆಗೆ ತಿರುಗಿಸಿದ. ಕೈ ಬಿಟ್ಟ ಕೂಡಲೇ ಅದು ಮತ್ತೆ ಆಚೆಗೆ ಹೋಯಿತು.

ಹೊಲಿಗೆ ಯಂತ್ರ ನಿಂತಿತ್ತು. ಹೆಂಡತಿ ಅವುಗಳನ್ನೇ ನೋಡುತ್ತಿದ್ದಳು. ಹಲಗೆಯ ಉಳಿದ ತುಂಡು ತನ್ನ ಮಂಚದ ಕೆಳಗೆ ಇರಕೂಡದು ಎಂದಷ್ಟೇ ಹೇಳಿದಳು. ಮಾವ ಅದನ್ನು ತಂದು ಅಂಗಡಿಯ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ನಿಲ್ಲಿಸಿದ. ಕದಕ್ಕೆ ಮುಖ ಯಾವುದು ಎಂದು ಯೋಚಿಸಲು ಹೋಗಲಿಲ್ಲ.

ಗುಟ್ಟು ಒಡೆದದ್ದು ಅದಾದ ಐದನೆಯ ದಿನ ಬೆಳಗ್ಗೆ ಏಳೂವರೆಗೆ, ಪೊರಕೆಯಿಂದ. ಬೀದಿಯಲ್ಲಿ ಮಂಜು ದಟ್ಟವಾಗಿ, ಎದುರು ನಿಂತ ಬಸ್ಸಿನ ದೀಪ ಮಾತ್ರ ಕಾಣುತ್ತಿತ್ತು. ಹೆಂಡತಿ ಕೆಲಸದ ಮೇಜು ಗುಡಿಸುತ್ತ ಅಲ್ಲಿದ್ದ ಖಾಲಿ ಒರೆಯನ್ನು ಸರಿಸಿದಳು. ಪಕ್ಕದಲ್ಲಿದ್ದ ಮೇಷ್ಟ್ರ ದಿಕ್ಸೂಚಿಯ ಸೂಜಿ ಒರೆಯ ಹಿಂದೆಯೇ ತಿರುಗಿತು. ಅವಳು ಒರೆಯನ್ನು ಈ ಕಡೆಗೆ ತಂದಳು, ಸೂಜಿಯೂ ಬಂತು.

"ರೀ, ಇದು ನಿಮ್ಮ ಒರೆ ನೋಡಿ ಕತ್ತು ತಿರುಗಿಸ್ತಿದೆ."

ಮಾವ ಒರೆಯನ್ನು ಕಿತ್ತುಕೊಂಡು ತಾನೇ ಎರಡು ಸಲ ಅತ್ತಿತ್ತ ಆಡಿಸಿ ನೋಡಿದ. ಆಮೇಲೆ ನಗಲು ಶುರು ಮಾಡಿದ. ಎಷ್ಟು ನಕ್ಕನೆಂದರೆ ಬೀಗ ರಿಪೇರಿಯವನ ಗೂಡಿನಲ್ಲಿ ಮೂರು ಬೀಗ ತಾವಾಗಿಯೇ ತೆರೆದುಕೊಂಡವು. ಸೊಂಟದ ಬಲಕ್ಕೆ ಅಯಸ್ಕಾಂತ ಕಟ್ಟಿಕೊಂಡು, ಹೊಟ್ಟೆಯ ಮುಂದೆ ದಿಕ್ಸೂಚಿ ಹಿಡಿದರೆ ಸೂಜಿ ಸುಳ್ಳು ಹೇಳದೆ ಇರುತ್ತದೆಯೇ? ಎಲ್ಲರೂ ಒಂದೇ ಗೇಟಿನಿಂದ, ಒಂದೇ ದಿಕ್ಕಿಗೆ, ಒಂದೇ ಸುಳ್ಳನ್ನು ನಂಬಿ ನಡೆದಿದ್ದಾರೆ. ತಲುಪುವುದೂ ಒಂದೇ ಕಡೆ. ಅಯಸ್ಕಾಂತದ ಜೊತೆ ಎರಡು ತಿಂಗಳು ಇದ್ದ ಅಲಗೂ ಅಯಸ್ಕಾಂತವೇ ಆಗಿದೆ. ತೂಗುಹಾಕಿದರೆ ಉತ್ತರಕ್ಕೆ ತಿರುಗದೆ ಇನ್ನೆಲ್ಲಿಗೆ ತಿರುಗೀತು? ಪಾಪದ ಹಲಗೆಯ ಮೇಲೆ ಅನುಮಾನಪಟ್ಟೆನಲ್ಲ ಎಂದು ಮೂಲೆಗೆ ಹೋಗಿ ಅದನ್ನು ತಟ್ಟಿದ. ಅದು ಗಂಟೆಯ ಹಾಗೆ ದನಿ ಕೊಟ್ಟಿತು.

ಹೆಂಡತಿ ನಗುತ್ತಿರಲಿಲ್ಲ.

"ಮಗಳು ಕಟ್ಕೊಂಡು ಹೋಗಿರೋದು ಯಾವ ಒರೆ?"

ಮಗಳು ನಿನ್ನೆಯೇ ಹೋಗಿದ್ದಳು. ರಾತ್ರಿ ಕೆರೆಯ ಬಿಡಾರದಲ್ಲಿ ತಂಗಿ, ಇವತ್ತು ಬೆಳಗಿನಿಂದ ಅಲ್ಲಿಂದ ನೇರ ಪೂರ್ವಕ್ಕೆ ಗೋಪುರದವರೆಗೆ ಗೆರೆ ಹಿಡಿದು ಮರ ಎಣಿಸಬೇಕಿತ್ತು. ಚಾಕುವಿನ ಪುಕಾರನ್ನೆಲ್ಲ ಅವಳು ಹುಚ್ಚಾಟ ಎಂದು ತಳ್ಳಿಹಾಕಿ, ಅಪ್ಪ ಮಾಡಿದ್ದನ್ನೇ ಕಟ್ಟಿಕೊಂಡು ಹೋಗಿದ್ದಳು. ಬೇಡವೆನ್ನಲು ಮಾವನಿಗೆ ನಾಲಿಗೆ ಬಂದಿರಲಿಲ್ಲ. ಬೇಡವೆಂದರೆ ಹಲಗೆಯ ಕತೆ ಹೇಳಬೇಕಾಗುತ್ತಿತ್ತು. ಫೋನು ಮಾಡಿದರೆ, ಕಾಡಿನೊಳಗೆ ಫೋನೆಂದರೆ ಸತ್ತ ಮೀನು.

ಹೆಂಡತಿ ಹೋಗಿ ವಾಚರ್‌ನನ್ನು ಚಹಾದ ಲೋಟದ ಸಮೇತ ಎಳೆದುಕೊಂಡು ಬಂದಳು. ಮಾವ ನೆಲದ ಮೇಲೆ ಸೀಮೆಸುಣ್ಣದಿಂದ ಗೇಟು, ಗೋಪುರ, ಕೆರೆ ಗುರುತು ಮಾಡಿ, ಅಯಸ್ಕಾಂತದ ಗುಟ್ಟನ್ನು ಉಸಿರು ಬಿಡದೆ ಒದರಿದ. ಗೇಟಿನಿಂದ ಹೊರಟವರು ಗೋಪುರ ತಪ್ಪಿ ಬಲಕ್ಕೆ ಹೋಗಿ ಬಾಗಿಲು ಸೇರುತ್ತಾರೆ. ಹಾಗಾದರೆ ಕೆರೆಯಿಂದ ಹೊರಟವಳು ಬಲಕ್ಕೆ ಹೋದರೆ ಎಲ್ಲಿಗೆ ಹೋಗುತ್ತಾಳೆ? ವಾಚರ್ ಗೆರೆ ಎಳೆಯುತ್ತ ಬಂದವನು ಅರ್ಧದಲ್ಲಿ ಸೀಮೆಸುಣ್ಣ ಕೆಳಗಿಟ್ಟ.

"ಹಳೇ ಕಲ್ಲುಗಣಿ," ಎಂದ. "ಬೇಲಿ ಇಲ್ಲ ಮಾವ. ಈ ಮಂಜಲ್ಲಿ ಅಂಚು ಕಾಣಲ್ಲ."

ಮೂವತ್ತು ವರ್ಷ ಊರಿನವರ ಗಂಟುಮೂಟೆ ಬಿಚ್ಚಿಸಿ, ಇದು ಬೇಕು ಇದು ಬೇಡ ಎಂದು ಆರಿಸಿ ಕೊಟ್ಟವನು, ಕಾಡಿಗೆ ಹೊರಟಾಗ ಮೈಮೇಲೆ ಇದ್ದದ್ದು ಚರ್ಮದ ಮುಂದುಡುಗೆ, ಕೈಯಲ್ಲಿ ಒಂದು ಹೊಲಿಗೆ ದಬ್ಬಳ. ಅದು ಕೈಯಲ್ಲಿರುವುದು ಅವನಿಗೆ ಗೊತ್ತೂ ಇರಲಿಲ್ಲ. ವಾಚರ್‌ನ ಬೈಕಿನ ಹಿಂದೆ ಕುಳಿತು, ರಸ್ತೆ ಮುಗಿದ ಕಡೆ ಇಳಿದು, ಅವನ ಬೆನ್ನನ್ನೇ ನೋಡುತ್ತ ನಡೆದ. ಮಂಜಿನಲ್ಲಿ ಮರಗಳು ಒಂದೊಂದೇ ಮುಂದೆ ಬಂದು, ಮುಖ ತೋರಿಸಿ, ಹಿಂದಕ್ಕೆ ಸರಿಯುತ್ತಿದ್ದವು. ಹಕ್ಕಿಯ ಸದ್ದಿಲ್ಲ. ಮಾವನಿಗೆ ತನ್ನ ಮುಂದುಡುಗೆಯ ಚರ್ಮ ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಒಂದೆರಡು ಸಲ ಅದು ಅವನು ನಿಂತ ಮೇಲೂ ಕೇಳಿತು.

ಗಣಿಗೆ ಇನ್ನೂ ಸ್ವಲ್ಪ ದೂರವಿದ್ದಾಗ ಮೊದಲ ಸಂಖ್ಯೆ ಕಂಡಿತು. ಎದೆಮಟ್ಟದಲ್ಲಿ, ಮಗಳ ಗುಂಡಗಿನ ಅಕ್ಷರದಲ್ಲಿ, ೪೦೯. ಮುಂದಿನದು ೪೧೦. ವಾಚರ್‌ನ ಸೀಮೆಸುಣ್ಣದ ಗೆರೆ ಸುಳ್ಳಾಗಿರಲಿಲ್ಲ. ಅವಳು ಗೋಪುರದ ದಾರಿ ತಪ್ಪಿ ಸೀದಾ ಇಲ್ಲಿಗೇ ಬಂದಿದ್ದಳು. ೪೧೪, ೪೧೫. ಸಂಖ್ಯೆಗಳು ದಾರ ಹಿಡಿದಂತೆ ನೇರವಾಗಿ ಹೋಗುತ್ತಿದ್ದವು. ೪೧೭ ಬರೆದಿದ್ದ ಮರದ ಆಚೆ ಮರಗಳಿರಲಿಲ್ಲ. ಮಂಜೇ ಮಂಜು. ವಾಚರ್ ಮಾವನ ರಟ್ಟೆ ಹಿಡಿದ. ಮಂಜು ಒಂದಿಷ್ಟು ಸರಿದಾಗ ಕೆಳಗೆ, ನಾಲ್ಕಾಳು ಆಳದಲ್ಲಿ, ಹಸಿರು ನೀರು ಅಲುಗಾಡದೆ ನಿಂತಿತ್ತು.

ಅಂಚಿನ ಒದ್ದೆ ಮಣ್ಣಿನಲ್ಲಿ ಎರಡು ಹೆಜ್ಜೆ ಜೋಡಿಯಾಗಿ ಮೂಡಿದ್ದವು. ಬೆರಳ ಕಡೆಯ ಮಣ್ಣು ಉದುರಿ ಕೆಳಗೆ ಬಿದ್ದಿತ್ತು. ಮಾವ ಮಗಳ ಹೆಸರು ಹಿಡಿದು ಕೂಗಿದ. ಕೂಗು ಗಣಿಯೊಳಗೆ ಇಳಿದು, ಅಲ್ಲಿ ಏನನ್ನೋ ಹುಡುಕಿ, ಸಾವಕಾಶವಾಗಿ ವಾಪಸು ಬಂತು. ಅವನಿಗೆ ಈಜು ಬರುತ್ತಿರಲಿಲ್ಲ. ಆದರೂ ಕುಳಿತು ಬೂಟಿನ ದಾರ ಬಿಚ್ಚತೊಡಗಿದ. ಬೆರಳು ಕೇಳಲಿಲ್ಲ, ಸಾವಿರ ಒರೆ ಹೊಲಿದ ಬೆರಳಿಗೆ ಒಂದು ಗಂಟು ಬಿಚ್ಚಲು ಬರಲಿಲ್ಲ.

"ಮಾವ," ಎಂದು ವಾಚರ್ ಎಡಗಡೆಯಿಂದ ಕರೆದ. ಅವನ ದನಿ ಬೇರೆಯಾಗಿತ್ತು. "ಇಲ್ಲಿ ನಾನ್ನೂರ ಹದಿನೆಂಟಿದೆ."

೪೧೮ ಇದ್ದದ್ದು ಅಂಚಿಗೆ ಎಡದಲ್ಲಿ, ಬಂದ ದಾರಿಗೆ ಪೂರ್ತಿ ಅಡ್ಡವಾಗಿ. ಅಲ್ಲಿಂದ ೪೧೯, ೪೨೦. ಸಂಖ್ಯೆಗಳು ಮತ್ತೆ ದಾರ ಹಿಡಿದಂತೆ ನೇರ. ಗಣಿಯ ಅಂಚಿನಲ್ಲಿ ಕಾಲಿಟ್ಟವಳು ಯಾವ ಗಡಿಬಿಡಿಯೂ ಇಲ್ಲದೆ, ಕೈ ನಡುಗದೆ, ಅದೇ ಗುಂಡಗಿನ ಅಕ್ಷರದಲ್ಲಿ ಬರೆಯುತ್ತ ಹೋಗಿದ್ದಳು. ಇಬ್ಬರೂ ಓಡುನಡಿಗೆಯಲ್ಲಿ ಸಂಖ್ಯೆಗಳ ಹಿಂದೆ ಬಿದ್ದರು. ಗೋಪುರ ಎಲ್ಲೋ ಮಂಜಿನಲ್ಲಿ ಎಡಕ್ಕೆ ಉಳಿಯಿತು. ೫೦೦ ದಾಟಿತು, ೬೦೦ ದಾಟಿತು. ವಾಚರ್ ಇದ್ದಕ್ಕಿದ್ದಂತೆ ಕೆಮ್ಮತೊಡಗಿದ. ಆ ಕೆಮ್ಮಿನ ಅರ್ಥ ಮಾವನಿಗೆ ಗೊತ್ತಿತ್ತು.

ಬಯಲಿನ ನಡುವೆ ಚೌಕಟ್ಟು ನಿಂತಿತ್ತು. ಎಲೆಯಿಲ್ಲದ ಹೊಸ್ತಿಲ ಮೇಲೆ ಮಗಳು ಕುಳಿತು, ಮೂರು ಕಲ್ಲಿನ ನಡುವೆ ಸಣ್ಣ ಬೆಂಕಿ ಮಾಡಿ, ತಗಡಿನ ಮಗ್ಗಿನಲ್ಲಿ ಚಹಾ ಕಾಯಿಸುತ್ತಿದ್ದಳು. ಮುಂದುಡುಗೆ ತೊಟ್ಟು, ಒಂದು ಕಾಲಿನ ಬೂಟಿನ ದಾರ ನೆಲದ ಮೇಲೆ ಎಳೆಯುತ್ತ, ದಬ್ಬಳ ಹಿಡಿದು ಬಂದ ಅಪ್ಪನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನಪ್ಪ, ಅಂಗಡಿ ಇಲ್ಲಿಗೆ ತಂದ್ಯಾ?"

ಮಾವ ಅವಳ ತಲೆಯ ಮೇಲೆ ಕೈಯಿಟ್ಟು, ಅದು ನಿಜವಾದ ತಲೆಯೇ ಎಂದು ಒತ್ತಿ ನೋಡಿದ. ಗಣಿಯ ಅಂಚಿನಿಂದ ಹೇಗೆ ತಿರುಗಿದೆ ಎಂದು ವಾಚರ್ ಕೇಳಿದ. ಅವಳು ಯಾವ ಗಣಿ ಎಂದಳು.

"ನಾನು ಎಲ್ಲೂ ತಿರುಗಿಲ್ಲ. ಕೆರೆಯಿಂದ ಇಲ್ಲಿವರೆಗೂ ಒಂದೇ ಗೆರೆ. ಸೂಜಿ ಒಂದು ಕೂದಲಷ್ಟೂ ಅಲ್ಲಾಡಿಲ್ಲ. ಗೋಪುರ ಬರಬೇಕಿತ್ತು, ಇದು ಬಂತು."

ವಾಚರ್ ಸೀಮೆಸುಣ್ಣದ ಸಂಖ್ಯೆಗಳನ್ನೂ ಹೆಜ್ಜೆ ಗುರುತನ್ನೂ ವಿವರಿಸಿದ. ಮಾವ ಅಯಸ್ಕಾಂತದ ವಿಷಯ ಹೇಳಿದ. ಅವಳು ಒರೆಯನ್ನು ಬಿಚ್ಚಿ ದಿಕ್ಸೂಚಿಯಿಂದ ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಒಪ್ಪಿಕೊಂಡಳು. ಬಲಕ್ಕೆ ಹೋದದ್ದಕ್ಕೆ ಅದು ಉತ್ತರ. ಎಡಕ್ಕೆ ತಿರುಗಿದ್ದಕ್ಕೆ ಅಲ್ಲ. ಅವಳು ಬೆಂಕಿಗೆ ಕಡ್ಡಿ ಸರಿಸುತ್ತ, ಏನೋ ನೆನಪಾದವಳ ಹಾಗೆ ಹೇಳಿದಳು.

"ಒಂದು ಕಡೆ ಮಾತ್ರ ಸೊಂಟದಲ್ಲಿ ಚಾಕು ಜಗ್ಗಿದ ಹಾಗಾಯ್ತು. ಹಿಡಿ ಮುಳ್ಳಿಗೆ ಸಿಕ್ಕಿರಬೇಕು ಅಂತ ಬಿಡಿಸ್ಕೊಂಡು ಮುಂದೆ ಬಂದೆ."

ಗಣಿಯ ಅಂಚಿನಲ್ಲಿ ಮುಳ್ಳಿನ ಗಿಡವಿರಲಿಲ್ಲ. ಹುಲ್ಲು ಕೂಡ ಇರಲಿಲ್ಲ. ಮಾವನೂ ವಾಚರ್‌ನೂ ಮುಖ ನೋಡಿಕೊಳ್ಳಲಿಲ್ಲ.

ಚಹಾ ಒಂದೇ ಮಗ್ಗಿನಲ್ಲಿ ಮೂವರ ನಡುವೆ ಸುತ್ತಿತು. ಹೊರಡುವಾಗ ಮಾವ ಚೌಕಟ್ಟಿನ ಖಾಲಿ ಬದಿಯ ಮೇಲೆ ಹೆಬ್ಬೆರಳು ಆಡಿಸಿದ. ತಿರುಗಣಿಯ ಮೂರು ಗುರುತು. ಮೂರರ ಆಳವೂ ಆ ಬೆರಳಿಗೆ ಬಾಯಿಪಾಠವಾಗಿತ್ತು. ಇನ್ನೊಂದು ಬದಿಯ ಕದ, ಅವರು ಬಯಲು ದಾಟುವವರೆಗೂ, ತುಸುವೂ ಅಲುಗಾಡಲಿಲ್ಲ.

ಮಾರನೆಯ ದಿನ ಮಾವ ಅಂಗಡಿಯ ಮುಂದೆ ಚಾಪೆ ಹಾಸಿ, ವಾಪಸು ಬಂದ ಒರೆಗಳನ್ನೆಲ್ಲ ಅದರ ಮೇಲೆ ಸುರಿದು, ಒಂದೊಂದನ್ನೇ ಬಿಚ್ಚಿ ಅಯಸ್ಕಾಂತ ಹೊರಗೆ ತೆಗೆದು ತೋರಿಸಿದ. ತನ್ನ ಜಾಣತನದ ಕತೆಯನ್ನು ತಾನೇ ಹೇಳಿ, ನೆರೆದವರ ನಗುವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ಊರಿಗೆ ಹೋದ ಜೀವ ಬಂತು. ಮಾವನ ಅಂಗಡಿಯ ಮುಂದೆ ಹೋಗುವ ಬಸ್ಸುಗಳು ಗೋಡೆಗೆ ಅಂಟಿಕೊಳ್ಳುತ್ತಿದ್ದವು, ಡ್ರೈವರುಗಳು ಕೆಳಗಿಳಿದು ಕೀಳಬೇಕಾಗುತ್ತಿತ್ತು ಎಂದೆಲ್ಲ ಕತೆ ಹಬ್ಬಿತು. ಮೇಷ್ಟ್ರು ಬಂದು ಚಾಕು, ದಿಕ್ಸೂಚಿ ಎರಡನ್ನೂ ತೆಗೆದುಕೊಂಡು ಹೋದ. ಅಂಚೆ ಕಚೇರಿಯ ಗಂಡ ಹೆಂಡತಿ ಬರಲಿಲ್ಲ. ಆಮೇಲೆ ಕಾಡಿಗೆ ಹೋದವರೆಲ್ಲ ಗೋಪುರಕ್ಕೇ ತಲುಪಿದರು. ೪೧೭ರ ವಿಷಯ ಮಾತ್ರ ಅಯಸ್ಕಾಂತದ ಕತೆಯಲ್ಲಿ ಸೇರಲಿಲ್ಲ. ಗೊತ್ತಿದ್ದ ನಾಲ್ವರೂ ಅದನ್ನು ತಮ್ಮತಮ್ಮೊಳಗೇ ಇಟ್ಟುಕೊಂಡರು.

ಮಾವ ಮಗಳಿಗೆ ಬೇರೆ ಮರದ ಹಿಡಿ ಹಾಕಿ ಹೊಸ ಚಾಕು ಮಾಡಿದ. ಅವನ ಕೈಯಿಂದ ಅಷ್ಟು ಚೆಂದದ್ದು ಮೊದಲು ಬಂದಿರಲಿಲ್ಲ. ಹಳೆಯದನ್ನು ಕೊಡು ಎಂದು ಕೈ ನೀಡಿದ. ಅವಳು ಹೊಸದನ್ನು ಅತ್ತಿತ್ತ ತಿರುಗಿಸಿ ನೋಡಿ, ಹೊಗಳಿ, ಮೇಜಿನ ಮೇಲಿಟ್ಟು, ಹಳೆಯದರ ಮೇಲೆ ಅಂಗೈ ಮುಚ್ಚಿದಳು.

"ಅದು ಇರಲಿ ಅಪ್ಪ."

ಅದಾಗಿ ವರ್ಷ ಕಳೆದಿದೆ. ಅವಳು ಅದನ್ನೇ ಕಟ್ಟಿಕೊಂಡು ಹೋಗುತ್ತಾಳೆ, ಬರುತ್ತಾಳೆ. ಮಾವ ಕೇಳಬಾರದೆಂದು ಎಷ್ಟೋ ದಿನ ತಡೆದುಕೊಂಡು, ಮೊನ್ನೆ ಅವಳು ಕಾಡಿನಿಂದ ಬಂದು ಬೂಟು ಬಿಚ್ಚುವಾಗ ಕೇಳಿಯೇಬಿಟ್ಟ.

"ಆಮೇಲೆ ಯಾವತ್ತಾದ್ರೂ ಜಗ್ಗಿತಾ?"

"ಕಾಡಲ್ಲಿ ಇಲ್ಲ," ಎಂದಳು ಮಗಳು, ದಾರದಿಂದ ಕಣ್ಣು ತೆಗೆಯದೆ. "ಈಗ ಬರೋವಾಗ ಒಂದು ಸಲ. ಬಸ್ಸಿಳಿದು ಮನೆಗೆ ಬರ್ತಿದ್ದೆ, ಇಲ್ಲೇ, ನಮ್ಮ ಬೀದಿ ತಿರುವಲ್ಲಿ. ನಾನು ಆ ಕಡೆಯಿಂದ ಸುತ್ಕೊಂಡು ಬಂದೆ."

ತಿರುವಿನಲ್ಲಿ ಹಳ್ಳವಿಲ್ಲ, ಗಣಿಯಿಲ್ಲ. ಒಂದು ದೀಪದ ಕಂಬ, ಒಂದು ಅಂಚೆ ಡಬ್ಬ, ಸಾಮಾನ್ಯವಾದ ರಸ್ತೆ. ಆದರೂ ಮಾವ ಅವತ್ತಿನಿಂದ ಅಲ್ಲಿ ಕಾಲಿಡುವುದಿಲ್ಲ, ಹೆಂಡತಿಯನ್ನೂ ಬಿಡುವುದಿಲ್ಲ. ಐದು ನಿಮಿಷದ ಅಂಗಡಿಗೆ ಇಬ್ಬರೂ ಊರೆಲ್ಲ ಸುತ್ತಿಕೊಂಡು ಮುಕ್ಕಾಲು ಗಂಟೆ ನಡೆದು ಹೋಗುತ್ತಾರೆ. ಯಾಕೆಂದು ಯಾರಾದರೂ ಕೇಳಿದರೆ, ಡಾಕ್ಟರು ನಡೆಯಲು ಹೇಳಿದ್ದಾರೆ ಅನ್ನುತ್ತಾನೆ.